ಪ್ರೊಪೆಲರಿನ ಮುಂದೆ ಒಂದು ಮೊಳ ಜಾಗ

ನಮ್ಮೂರಿನಲ್ಲಿ ಯಾರೂ ಓಡುವುದಿಲ್ಲ. ಮಗು ಮೊದಲ ಹೆಜ್ಜೆ ಇಟ್ಟ ದಿನದಿಂದಲೇ ನಿಧಾನ, ನಿಧಾನ ಎಂದು ಹೇಳಿಕೊಡುತ್ತಾರೆ. ಶಾಲೆ ಬಿಟ್ಟ ಗಂಟೆ ಹೊಡೆದರೂ ಮಕ್ಕಳು ಆರತಿ ತಟ್ಟೆ ಹಿಡಿದವರ ಹಾಗೆ ಒಬ್ಬರ ಹಿಂದೊಬ್ಬರು ನಡೆದು ಬರುತ್ತಾರೆ. ಬಸ್ಸು ಊರೊಳಗೆ ಬರುವುದಿಲ್ಲ, ಒಂದು ಮೈಲಿ ಆಚೆ ಹುಣಸೆಮರದ ಹತ್ತಿರ ನಿಲ್ಲುತ್ತದೆ. ಬಾಗಿಲಿನ ಅಂಚಿಗೆಲ್ಲ ಹಳೆಯ ಸೀರೆಯ ಚೂರು ಸುತ್ತಿರುತ್ತೇವೆ, ಮುಚ್ಚುವಾಗ ಗಾಳಿ ಏಳದಿರಲಿ ಎಂದು. ತಾನಾಗಿ ಬೀಸುವ ಗಾಳಿ ನಮ್ಮಲ್ಲಿ ಇಲ್ಲ. ಮಳೆ ನೆಟ್ಟಗೆ ಬೀಳುತ್ತದೆ, ಒಲೆಯ ಹೊಗೆ ನೆಟ್ಟಗೆ ಏಳುತ್ತದೆ, ಒಗೆದ ಸೀರೆ ಒಣಗುವುದಕ್ಕೆ ಮೂರು ದಿನ ಬೇಕು.

ಗಾಳಿಯಿಲ್ಲದ ಕಡೆ ಕೊನೆಯ ಉಸಿರು ಎಲ್ಲಿಗೆ ಹೋದೀತು? ಸತ್ತವರು ಎಲ್ಲಿ ಬಿಟ್ಟರೋ ಅಲ್ಲೇ, ಅದೇ ಎತ್ತರದಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದು. ಕೈ ಇಟ್ಟರೆ ಬೆಚ್ಚಗೆ, ಮುಖ ಇಟ್ಟರೆ ಅವರ ವಾಸನೆ. ಸಾಮಾನ್ಯವಾಗಿ ಒಂದು ತೆಂಗಿನಕಾಯಿಯಷ್ಟು ಇರುತ್ತದೆ. ಸುತ್ತ ನಾಲ್ಕು ಕೋಲು ನೆಟ್ಟು ಅರಿಶಿನದ ದಾರ ಕಟ್ಟುತ್ತೇವೆ. ಕ್ಷೌರದಂಗಡಿಯಲ್ಲಿ ಮೂರನೆಯ ಕುರ್ಚಿಗೆ ದಾರ ಕಟ್ಟಿದೆ, ಅಲ್ಲಿ ಯಾರೂ ಕೂರುವುದಿಲ್ಲ. ಅಂಚೆ ಕಚೇರಿಯಲ್ಲಿ ಪಕ್ಕದ ಕಿಟಕಿಯಿಂದ ಕಾಗದ ಕೊಡುತ್ತೇವೆ. ನಮ್ಮ ಬೀದಿಯ ಪುಟ್ಟಗೌರಮ್ಮನ ಅತ್ತೆ ಒಲೆಯ ಮುಂದೆ ಸೊಸೆಯನ್ನು ಬೈಯುತ್ತಲೇ ಹೋದವರು. ಪುಟ್ಟಗೌರಮ್ಮ ಒಂಬತ್ತು ವರ್ಷದಿಂದ ಒಲೆಯ ಬಲಗಡೆ ಕೂತು, ಎಡಗಡೆಗೆ ಕೈ ಚಾಚಿ ಅಡುಗೆ ಮಾಡುತ್ತಾಳೆ. ಇನ್ನೂ ಬಿಸಿ ಆರಿಲ್ಲ ಕಣೇ, ಬೈಗುಳ ಬಾಕಿ ಇರ್ಬೇಕು ಎನ್ನುತ್ತಾಳೆ.

ಮುಟ್ಟಿದಷ್ಟೂ ಉಸಿರು ಸವೆಯುತ್ತದೆ. ಕೊನೆಗೆ ಎರಡೇ ದಾರಿ. ಒಂದು, ಅದು ತಾನಾಗಿ ಆರಿಹೋಗುವುದು. ಇನ್ನೊಂದು, ತೀರಾ ಹತ್ತಿರದವರು ಒಂದು ಬೆಳಿಗ್ಗೆ ಸೆರಗು ಬೀಸಿ ಅದನ್ನು ಬಿಟ್ಟುಕೊಡುವುದು. ಬೇರೆಯವರಿಗೆ ಆ ಹಕ್ಕಿಲ್ಲ. ಇನ್ನೊಂದು ಮಾತಿದೆ, ಅದನ್ನು ಎಲ್ಲಕ್ಕಿಂತ ಮೊದಲು ಕಲಿಸುತ್ತಾರೆ: ಸಾಯುತ್ತಿರುವವರ ಹತ್ತಿರದಿಂದ ಓಡಬಾರದು. ಎಷ್ಟೇ ಅವಸರವಿದ್ದರೂ ನಡೆದೇ ಹೋಗಬೇಕು. ಓಡಿದರೆ ಆಗತಾನೆ ಬಿಟ್ಟ ಉಸಿರು ಬಟ್ಟೆಯ ಹಾಗೆ ಹರಿಯುತ್ತದೆ.

ನನ್ನಪ್ಪ ದೇವೇಂದ್ರಾಚಾರ್ ಬಡಗಿ. ಅವರಮ್ಮನ ಉಸಿರು ನಮ್ಮ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಇತ್ತು. ಅಲ್ಲಿ ಒಲೆ ಹಚ್ಚುವುದು ಬೇಡವೆಂದು ಹಿತ್ತಿಲಿನಲ್ಲಿ ಅಡುಗೆ ಮಾಡಿಕೊಂಡೆವು. ಒಂದು ದಿನ ಅಪ್ಪ ಎದ್ದು ಹೋಗಿ ನೋಡಿದರೆ ಇರಲಿಲ್ಲ. ಆ ಮೂಲೆಯಲ್ಲಿ ಕೈಯಾಡಿಸುತ್ತ ತುಂಬ ಹೊತ್ತು ನಿಂತಿದ್ದರು. ಮಲಗಿದ್ದಾಗ ಆರಿಹೋಯ್ತು ನೋಡು, ಮೂಲೇಲಿ, ಯಾರೂ ಇಲ್ದೆ, ಎಂದರು. ಅದಾದ ಎರಡು ತಿಂಗಳಿಗೆ ಅಂಚೆಯಲ್ಲಿ ಒಂದು ದಪ್ಪನೆಯ ಪುಸ್ತಕ ಬಂತು. ಮನೆಯಲ್ಲೇ ಕಟ್ಟಿಕೊಳ್ಳುವ ಒಬ್ಬರೇ ಕೂರುವ ವಿಮಾನದ ನಕ್ಷೆಗಳು. ಇಂಗ್ಲಿಷು. ನಾನಾಗ ಡಿಗ್ರಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುವುದಕ್ಕೂ ಸಂಕೋಚವಾಗಿ ಮನೆಯಲ್ಲಿದ್ದೆ. ಅಪ್ಪ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು, ಓದಿ ಹೇಳು ಕುಮುದಾ, ನಿನ್ನ ಓದು ಉಪಯೋಗಕ್ಕೆ ಬರಲಿ ಎಂದರು. ಅದು ಹಂಗಿಸಿದ್ದಲ್ಲ. ನಾನು ಮಾತಾಡುವುದು ಕಡಿಮೆ, ಅವರದೂ ಕಡಿಮೆ. ಹಾಗೆ ನಾಲ್ಕು ವರ್ಷ, ನಾನು ಓದುವುದು, ಅವರು ಮರ ಕೊರೆಯುವುದು.

ಗಾಳಿಯೆಂದರೆ ಹೆದರುವ ಊರಿನಲ್ಲಿ ಒಬ್ಬ ಆಚಾರಿ ಆರಡಿಯ ಪ್ರೊಪೆಲರ್ ಕೆತ್ತುತ್ತಾನೆಂದರೆ ಜನ ಸುಮ್ಮನಿರುತ್ತಾರೆಯೇ? ಊರಿಗೆಲ್ಲ ಒಂದೇ ಬೀಸಣಿಗೆ ಮಾಡ್ತಿದಾನೆ ಎಂದು ಆಡಿಕೊಂಡರು. ಪಂಚಾಯಿತಿಯವರು ಬಂದು, ಊರಲ್ಲಿ ಬೇಡ ಮಾರಾಯ ಎಂದರು. ಅಪ್ಪ ವಾದ ಮಾಡಲಿಲ್ಲ. ಊರಾಚೆ, ಹಳೆಯ ಇಟ್ಟಿಗೆ ಗೂಡಿನ ಶೆಡ್ಡಿಗೆ ಎಲ್ಲ ಸಾಗಿಸಿದರು. ಅದರ ಹಿಂಗೋಡೆ ಬಂಡೆಗೆ ಒತ್ತಿಕೊಂಡಿದೆ, ಬಾಗಿಲು ಮುಂದೆ ಒಂದೇ. ಬಾಗಿಲಿನಿಂದ ನಲವತ್ತು ಹೆಜ್ಜೆಗೆ ಒಂದು ಗೇಟು, ಅದರಾಚೆ ಒಣಗಿದ ಕೆರೆಯ ಬಯಲು. ಹಾರುವುದಾದರೆ ಅಲ್ಲಿಂದ, ಯಾರ ಉಸಿರಿಗೂ ತಗಲದ ಹಾಗೆ, ಎಂದು ಅಪ್ಪ ಪಂಚಾಯಿತಿಗೆ ಮಾತು ಕೊಟ್ಟಿದ್ದರು.

ಅವರ ಜೊತೆಗಿದ್ದವರು ಒಬ್ಬರೇ, ಪಾತ್ರೆ ಬಡಿಯುವ ಹುಸೇನಿ ಮಾಮ. ಪ್ರೊಪೆಲರಿನ ನಡುವೆ, ಮೂಗಿನ ತುದಿಗೆ ಕೂರುವ ಗೋಪುರದಂಥ ಮುಚ್ಚಳ ಒಂದಿರುತ್ತದೆ, ಪುಸ್ತಕದಲ್ಲಿ ಅದಕ್ಕೆ ಸ್ಪಿನ್ನರ್ ಎನ್ನುತ್ತಾರೆ, ಮಾಮ ಟೋಪಿ ಎನ್ನುತ್ತಿದ್ದರು. ಅದನ್ನು ಅಲ್ಯೂಮಿನಿಯಂ ತಗಡಿನಲ್ಲಿ ಬಡಿದು ಕೊಡುವುದು ಅವರ ಪಾಲಿನ ಕೆಲಸ. ಮೊದಲ ಎರಡು ಸೊಟ್ಟ ಬಂದವು. ಅಪ್ಪ ಒಂದನ್ನು ತಲೆಯ ಮೇಲಿಟ್ಟುಕೊಂಡು, ನಿನ್ನ ಬಿರಿಯಾನಿ ಹಂಡೆ ಮುಚ್ಚಳ ಆಗುತ್ತೆ ತಗೋ ಸಾಬ್ರೆ ಎಂದು ಹಿಂತಿರುಗಿಸಿದ್ದರು.

ಅಪ್ಪ ಹೋದದ್ದು ಪುಷ್ಯದ ಒಂದು ಬೆಳಿಗ್ಗೆ. ನಾನು ಹುರಿದ ಕಡಲೆಕಾಯಿ ಪೊಟ್ಟಣ ಒಯ್ದಿದ್ದೆ, ಇಬ್ಬರೂ ಬಿಡಿಸಿಕೊಂಡು ತಿಂದೆವು. ಸಿಪ್ಪೆ ನೆಲಕ್ಕೆ ಹಾಕಬೇಡ ಎಂದು ಅವರು ತಮ್ಮ ಅಂಗಿಯ ಜೇಬಿಗೆ ತುಂಬಿಕೊಂಡರು. ಆಮೇಲೆ ಪ್ರೊಪೆಲರನ್ನು ಎತ್ತಿ ಎಂಜಿನ್ನಿನ ಮೂತಿಗೆ ಕೂರಿಸಿದೆವು. ಅದು ಹಳೆಯ ಕಾರಿನ ಎಂಜಿನ್ನು. ನಾನು ಅಲಗನ್ನು ಹಿಡಿದು ನಿಂತೆ. ಅಪ್ಪ ಎದುರಿಗೆ ನಿಂತು ಒಂದು ಬೋಲ್ಟು ಬಿಗಿದರು, ಅದರ ಎದುರಿನದನ್ನು ಬಿಗಿದರು. ಮೂರನೆಯದು ಬೆರಳ ನಡುವೆಯೇ ಇತ್ತು. ಯಾರೋ ಬಂದರೇನೋ ಎಂಬಂತೆ, ಬಗ್ಗಿದ್ದ ಹಾಗೆಯೇ ಬಾಗಿಲ ಕಡೆ ತಿರುಗಿದರು, ಸ್ವಲ್ಪ ತಾಳು ಎಂದರು, ಉಸಿರು ಬಿಟ್ಟರು, ಕುಸಿದರು.

ನಾನು ಓಡಿದೆ.

ಕಂಪೌಂಡರ್ ಮನೆಗೆ ಹೋಗಬೇಕೆಂಬುದೊಂದೇ ತಲೆಯಲ್ಲಿತ್ತು. ಗೇಟಿನ ಹತ್ತಿರ ಹೋದಾಗ ನೆನಪಾಯಿತು. ಗೇಟನ್ನು ಹಿಡಿದು ನಿಂತುಬಿಟ್ಟೆ. ಆಮೇಲೆ ನಡೆದೆ. ಕಂಪೌಂಡರನ್ನು ಕರೆದುಕೊಂಡು ಬಂದದ್ದೂ ನಡೆದೇ.

ಉಸಿರು ನೋಡುವ ಚೆನ್ನಾಜಮ್ಮ ಊದುಬತ್ತಿ ಹಿಡಿದು ಬಂದಳು. ಹೊಗೆ ಎಲ್ಲಿ ಬಾಗುತ್ತದೋ ನೋಡಿ ಉಸಿರಿನ ಅಳತೆ ಹೇಳುವವಳು ಅವಳು. ಪ್ರೊಪೆಲರಿನ ಮುಂದೆ ಒಂದು ಮೊಳ ದೂರದಲ್ಲಿ, ಎದೆಮಟ್ಟದಲ್ಲಿ, ಹೊಗೆ ಬಾಗಿತು. ಚೆನ್ನಾಜಮ್ಮ ಎರಡು ಸಲ ನೋಡಿದಳು. ಲಿಂಬೆಹಣ್ಣಿನಷ್ಟೇ ಅದೆ ಎಂದಳು. ಇಷ್ಟು ದೊಡ್ಡ ಆಳು, ಇಷ್ಟೇ ಯಾಕೆ ಅಂತ ಗೊತ್ತಾಗ್ತಾ ಇಲ್ಲ. ಅಮ್ಮ ನನ್ನ ಕಡೆ ನೋಡಲಿಲ್ಲ. ನಾನು ನೆಲ ನೋಡುತ್ತಿದ್ದೆ. ಆ ಹೊತ್ತಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ನನ್ನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲಿದೆ: ನಾನು ಓಡಿದೆ. ಮರುದಿನವೂ ಅದೇ ಸಾಲು. ಐದು ತಿಂಗಳು ಹೀಗೆಯೇ.

ಅಮ್ಮ ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗುತ್ತಿದ್ದಳು. ದಾರದೊಳಗೆ ಬಗ್ಗಿ, ಕೆನ್ನೆಯನ್ನು ಆ ಜಾಗಕ್ಕೆ ಒಡ್ಡಿ ನಿಲ್ಲುತ್ತಿದ್ದಳು. ಒಂದೊಂದು ದಿನ ಮಧ್ಯಾಹ್ನದವರೆಗೂ ಹಾಗೆಯೇ. ಊಟ ಬಿಟ್ಟಳು. ಮನೆಯಲ್ಲಿ ಮಾತು ಬಿಟ್ಟಳು. ನಾನು ಜೊತೆಗೆ ಹೋಗಿ ಬಾಗಿಲಲ್ಲಿ ಕೂರುತ್ತಿದ್ದೆ. ಬಾ, ನೀನೂ ನೋಡು ಎಂದು ಮೊದಲ ವಾರ ಕರೆದಳು. ನಾನು ಬೇಡವೆಂದು ತಲೆಯಾಡಿಸಿದೆ. ಹರಿದವಳೇ ಹೋಗಿ ಮುಟ್ಟುವುದು ಹೇಗೆ? ಬರುವಾಗ ಅಮ್ಮ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅವಳಿಗೆ ಮಂಡಿನೋವು ಇದೆ, ದಣಿವಾರಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಮಳೆಗಾಲಕ್ಕೆ ಇನ್ನೇನು ಹದಿನೈದು ದಿನ ಇದೆ ಎನ್ನುವಾಗ ಚೆನ್ನಾಜಮ್ಮ ಮತ್ತೆ ಬಂದು ನೋಡಿದಳು. ಅಡಿಕೆಯಷ್ಟಾಗಿದೆ ತಾಯಿ ಎಂದಳು. ದಿನಾ ಮುಟ್ಟಿದರೆ ಇನ್ನೇನಾಗುತ್ತೆ? ಈ ತಿಂಗಳು ದಾಟಲ್ಲ. ಅಮ್ಮ ಅವಳಿಗೆ ಎಲೆಅಡಿಕೆ ಕೊಟ್ಟು ಕಳಿಸಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ. ಅವಳು ಹೋದ ಮೇಲೆ ತನ್ನ ಅತ್ತೆಯ ಮೂಲೆಯಲ್ಲಿ, ಈಗ ಬರಿದಾದ ಆ ಅಡುಗೆಮನೆಯ ಮೂಲೆಯಲ್ಲಿ, ಗೋಡೆಗೆ ಒರಗಿ ಕೂತಳು.

ಮಾರನೆಯ ದಿನ ಹುಸೇನಿ ಮಾಮ ಬಂದರು, ಕಂಕುಳಲ್ಲಿ ಬಟ್ಟೆ ಸುತ್ತಿದ್ದ ಗಂಟು. ಬಿಚ್ಚಿದರೆ ಮೂರನೆಯ ಟೋಪಿ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಎಲ್ಲಿಯೂ ಸುತ್ತಿಗೆಯ ಗುರುತಿಲ್ಲ. ಅವರು ಅದನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ತಿರುಗಿಸಿ ತೋರಿಸಿದರು. ಈ ಸಲ ಸರಿ ಬಂದಿದೆ ಅಕ್ಕಾ, ನಗೋಕೆ ಆಚಾರಿ ಇಲ್ಲ, ಎಂದರು. ಆಮೇಲೆ ನಿಜವಾದ ಮಾತಿಗೆ ಬಂದರು. ಪ್ರೊಪೆಲರ್ ಎರಡೇ ಬೋಲ್ಟಿನ ಮೇಲೆ ನೇತಾಡುತ್ತಿದೆ. ಮರ ಅದು. ಮಳೆಗಾಲದ ತೇವ ಕುಡಿದರೆ ಒಂದು ಪಕ್ಕ ಉಬ್ಬಿ ತಿರುಚಿಕೊಳ್ಳುತ್ತದೆ. ಎರಡು ವರ್ಷ ಕೂತು ಕೆತ್ತಿದ್ದು ಸೌದೆಯಾಗುತ್ತದೆ. ಹಾರಿಸುವುದು ಬಿಡುವುದು ಆಮೇಲಿನ ಮಾತು, ಕೂರಿಸಬೇಕಾದ ಹಾಗೆ ಕೂರಿಸಿಯಾದರೂ ಇಡೋಣ.

ಅಮ್ಮ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು, ಒರೆಸಲು ಏನೂ ಇರಲಿಲ್ಲ. ಕೂರಿಸಿ, ಎಂದಳು. ಆ ಜಾಗಕ್ಕೆ ಏನೂ ಆಗಕೂಡದು.

ಮೂವರೂ ಹೋದೆವು. ಅಲ್ಲಿ ಹೋದ ಮೇಲೆ ಒಂದು ತೊಡಕು ಕಂಡಿತು. ಕೆಲಸ ಮಾಡುವವರು ಪ್ರೊಪೆಲರಿಗೂ ಆ ದಾರಕ್ಕೂ ನಡುವಿನ ಒಂದು ಮೊಳ ಜಾಗದಲ್ಲಿ ನಿಲ್ಲಬೇಕು. ಹುಸೇನಿ ಮಾಮ ಪಕ್ಕಕ್ಕೆ ತಿರುಗಿ, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಎಳೆದುಕೊಂಡು ನೋಡಿದರು. ಹೊಟ್ಟೆ ಒಪ್ಪಲಿಲ್ಲ. ಅಮ್ಮನಿಗೆ ಸ್ಪ್ಯಾನರ್ ಗೊತ್ತಿಲ್ಲ. ಇಬ್ಬರೂ ನನ್ನನ್ನು ನೋಡಿದರು. ನಾನು ಸಣ್ಣಗಿದ್ದೇನೆಂದು ಊರಲ್ಲಿ ಎಲ್ಲರೂ ಹಂಗಿಸುವವರೇ. ಅವತ್ತು ನಾನು ಅದಕ್ಕಾಗಿಯೇ ಬೇಕಾದೆ.

ಮೊದಲು ಪುಸ್ತಕ ತೆಗೆದು ಓದಿದೆ. ಎಂಜಿನ್ನಿನ ಸ್ವಿಚ್ಚು ಆಫ್ ಇದೆಯೇ, ಪ್ಲಗ್ಗುಗಳ ವೈರು ಕಳಚಿದೆಯೇ ನೋಡಬೇಕು. ಕೈಯಿಂದ ತಿರುಗಿಸುವಾಗ ಎಂಜಿನ್ನು ತಾನಾಗಿ ಹೊತ್ತಿಕೊಂಡರೆ ಕೈ ಉಳಿಯುವುದಿಲ್ಲ. ನೋಡಿದೆವು. ಆಮೇಲೆ ಸ್ಪಿನ್ನರಿನ ಹಿಂದಿನ ತಟ್ಟೆ. ಟೋಪಿಯ ಅಂಚು ಕೂರುವುದು ಆ ತಟ್ಟೆಯ ಮೇಲೆ, ಅದು ಎಂಜಿನ್ನಿಗೂ ಪ್ರೊಪೆಲರಿಗೂ ನಡುವೆ ಇರಬೇಕು. ನಾನು ಬಗ್ಗಿ ನೋಡಿದೆ. ಇರಲಿಲ್ಲ. ಮಾಮ ಶೆಡ್ಡಿನ ಸುತ್ತ ಕಣ್ಣಾಡಿಸಿ, ಗೋಡೆಯ ಮೊಳೆಯನ್ನು ತೋರಿಸಿದರು. ತಟ್ಟೆ ಅಲ್ಲಿ ತೂಗುತ್ತಿತ್ತು. ಪ್ರೊಪೆಲರನ್ನು ಪೂರ್ತಿ ಬಿಚ್ಚಿ ತೆಗೆದ ಹೊರತು ಅದನ್ನು ಹಾಕುವಂತಿರಲಿಲ್ಲ.

"ಮರೆತುಬಿಟ್ಟರಾ?" ಅಮ್ಮ ಕೇಳಿದಳು. ಅವಳ ದನಿಯಲ್ಲಿ ಅಪ್ಪನ ಪರವಾದ ಅವಮಾನವಿತ್ತು.

"ಆಚಾರಿ ಮರೆಯೋ ಆಸಾಮಿನಾ ಅಕ್ಕಾ? ಮೊದಲು ಎರಡೇ ಬೋಲ್ಟಿನಲ್ಲಿ ಕೂರಿಸಿ ಅಲಗು ಸರಿ ಬರುತ್ತಾ ನೋಡ್ತಾನೆ. ಆಮೇಲೆ ತೆಗೆದು, ತಟ್ಟೆ ಹಾಕಿ, ಮತ್ತೆ ಕೂರಿಸ್ತಾನೆ. ಮಂಚ ಮಾಡಿದರೂ ಅವನದು ಎರಡು ಸಲ ಜೋಡಣೆ, ನಿಮಗೆ ಗೊತ್ತಲ್ಲ."

ಅಮ್ಮ ಆ ಎರಡು ಬೋಲ್ಟುಗಳನ್ನೇ ನೋಡುತ್ತಿದ್ದಳು. ನನಗೂ ಅದೇ ಹೊಳೆದಿತ್ತು, ಹೇಳುವ ಧೈರ್ಯ ಬಂದಿರಲಿಲ್ಲ. ಈ ಲೋಕದಲ್ಲಿ ಅಪ್ಪನ ಕೈ ಮಾಡಿದ ಕೊನೆಯ ಕೆಲಸ ಆ ಎರಡು ಬಿಗಿ.

"ಅವರು ಬಿಗಿದದ್ದು," ಅಮ್ಮ ಹೇಳಿದಳು. "ಬಿಚ್ಚೋದು ಬೇಡ."

ಮಾಮ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ಅಕ್ಕಾ, ಅವನು ಬಿಚ್ಚೋಕೆ ಅಂತಲೇ ಬಿಗಿದದ್ದು," ಎಂದರು.

ಅಮ್ಮ ಬಾಗಿಲ ಹೊರಗೆ ಹೋಗಿ ಕೂತಳು. ನಾವು ಅವಳನ್ನು ಕರೆಯಲಿಲ್ಲ. ಮಾಮ ತಮ್ಮ ಚಿಕ್ಕ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಒಂದು ಮುಚ್ಚಳ ನನಗೆ ಕೊಟ್ಟರು, ಒಂದನ್ನು ಅಮ್ಮನ ಪಕ್ಕದಲ್ಲಿಟ್ಟು ಬಂದರು. ಟೀ ಆರಿತು. ಆಮೇಲೆ ಅಮ್ಮ ಎದ್ದು ಒಳಗೆ ಬಂದು, ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಯಾವ ಕಡೆಗೆ ಎಂದು ಕೇಳಿದಳು. ತೋರಿಸಿದೆ. ಎರಡು ಕೈಯಲ್ಲಿ ಹಿಡಿದು ಎಳೆದಳು. ಬೋಲ್ಟು ಮೊದಲು ಒಪ್ಪಲಿಲ್ಲ. ಮತ್ತೆ ಎಳೆದಳು. ಕಿರ್ರೆಂದು ಅರ್ಧ ಸುತ್ತು ಸಡಿಲವಾಯಿತು. ಇನ್ನೊಂದನ್ನೂ ಹಾಗೆಯೇ ಅರ್ಧ ಸುತ್ತು. ಉಳಿದದ್ದು ನೀನು ತೆಗಿ ಎಂದು ಸ್ಪ್ಯಾನರನ್ನು ನನಗೆ ಕೊಟ್ಟು, ಕೈಯನ್ನು ಮೂಸಿ ನೋಡಿಕೊಂಡಳು.

ಪ್ರೊಪೆಲರನ್ನು ಇಳಿಸಿದೆವು. ಮಾಮ ಮತ್ತು ಅಮ್ಮ ಆಚೆಗೊಬ್ಬರು ಈಚೆಗೊಬ್ಬರು ಅಲಗು ಹಿಡಿದರು, ತೊಟ್ಟಿಲು ಹಿಡಿದವರ ಹಾಗೆ, ಗಾಳಿ ಏಳದ ಹಾಗೆ. ಹಿಂದೆ ತಟ್ಟೆ ಹಾಕಿದೆ. ಪ್ರೊಪೆಲರನ್ನು ಮತ್ತೆ ಕೂರಿಸಿ, ಅದರ ಮುಂದೆ ದಪ್ಪನೆಯ ಬಿಲ್ಲೆಯಿಟ್ಟು ಆರು ಬೋಲ್ಟು ತೂರಿಸಿದೆ. ಬೋಲ್ಟು ಬಿಗಿಯುವುದಕ್ಕೊಂದು ಕ್ರಮವಿದೆ. ಒಂದನ್ನೇ ಪೂರ್ತಿ ಬಿಗಿದರೆ ಮರ ಒಂದು ಕಡೆ ಅದುಮಿಹೋಗುತ್ತದೆ. ಒಂದು, ಅದರ ಎದುರಿನದು, ಅದರ ಪಕ್ಕದ್ದು, ಮತ್ತೆ ಎದುರಿನದು, ಹೀಗೆ ಸ್ವಲ್ಪ ಸ್ವಲ್ಪವೇ ಮೂರು ಸುತ್ತು. ಎಷ್ಟು ಬಿಗಿ ಎಂದು ತಿಳಿಯಲು ಅಪ್ಪ ಒಂದು ಉಪಾಯ ಮಾಡಿಕೊಂಡಿದ್ದರು. ಸ್ಪ್ಯಾನರಿನ ತುದಿಗೆ ಸೌದೆ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯುವುದು. ಮುಳ್ಳು ಅವರು ಕೆಂಪು ಬಣ್ಣದಲ್ಲಿ ಎಳೆದ ಗೆರೆಗೆ ಬಂದರೆ ಸಾಕು. ನಾನು ಎಳೆಯುತ್ತಿದ್ದೆ, ಮಾಮ ರೆಕ್ಕೆಯ ಪಕ್ಕದಿಂದ ಇಣುಕಿ ಮುಳ್ಳು ನೋಡಿ, ಇನ್ನೊಂಚೂರು, ಸಾಕು, ಎದುರಿಂದು ಎನ್ನುತ್ತಿದ್ದರು.

ನನ್ನ ಬೆನ್ನ ಹಿಂದೆ ಆ ಜಾಗ ಇತ್ತು. ಮೊಣಕೈಯನ್ನು ಮೈಗೆ ಒತ್ತಿಕೊಂಡೇ ಕೆಲಸ ಮಾಡಿದೆ. ನಾಲ್ಕನೆಯ ಬೋಲ್ಟಿಗೆ ಬರುವಾಗ ಕತ್ತಿನ ಹಿಂದೆ ಬೆಚ್ಚಗಾಯಿತು, ಯಾರೋ ಹಿಂದಿನಿಂದ ಬಗ್ಗಿ ಕೆಲಸ ನೋಡುತ್ತಿರುವ ಹಾಗೆ. ಒಂದೇ ಒಂದು ಬೆರಳಿನಷ್ಟು ಹಿಂದಕ್ಕೆ ಸರಿದಿದ್ದರೆ ತಗಲುತ್ತಿತ್ತು. ನಾನು ಸರಿಯಲಿಲ್ಲ.

ಆಮೇಲೆ ಅಲಗುಗಳ ನಡೆ ನೋಡಿದೆವು. ಒಂದು ಅಲಗಿನ ತುದಿಗೆ ತಾಗುವ ಹಾಗೆ ನೆಲದಲ್ಲಿ ಕೋಲು ನಿಲ್ಲಿಸಿ, ನಿಧಾನವಾಗಿ ಇನ್ನೊಂದು ಅಲಗನ್ನು ಅದೇ ಜಾಗಕ್ಕೆ ತಂದರೆ, ಅದೂ ಅಲ್ಲೇ ತಾಗಬೇಕು. ಬೆಂಕಿಕಡ್ಡಿಯ ದಪ್ಪದಷ್ಟೂ ವ್ಯತ್ಯಾಸ ಬರಲಿಲ್ಲ. ಮಾಮ ತಲೆಯ ಮೇಲಿನ ಬಿಳಿ ಟೋಪಿಯನ್ನು ಸರಿಮಾಡಿಕೊಂಡು, ವಾಹ್ ಆಚಾರಿ ಎಂದರು, ಮೆಲ್ಲಗೆ. ಅಮ್ಮ ಅಲಗಿನ ಮೇಲೆ ಕೈ ಸವರುತ್ತಿದ್ದಳು.

"ಇದು ತಿರುಗಿದರೆ ಗಾಳಿ ಯಾವ ಕಡೆಗೆ ಹೋಗುತ್ತೆ?" ಎಂದು ಕೇಳಿದಳು.

ಮುಂದಿನದನ್ನು ಎಳೆದುಕೊಂಡು ಹಿಂದಕ್ಕೆ ಎಸೆಯುತ್ತದೆ ಎಂದೆ. ಹಿಂದೆ ಎಂದರೆ, ಎಂದಳು. ಎಂಜಿನ್ನಿನ ಮೇಲೆ ಹಾದು, ಕೂತವರ ಮುಖದ ಮೇಲೆ ಎಂದೆ. ಅಮ್ಮ ಮುಂದಿನ ಆ ಒಂದು ಮೊಳ ಜಾಗವನ್ನು ನೋಡಿದಳು, ಹಿಂದಿನ ಸೀಟನ್ನು ನೋಡಿದಳು.

ಬೋಲ್ಟುಗಳು ನಡುಗಿ ಸಡಿಲವಾಗದ ಹಾಗೆ ತಲೆಯ ತೂತುಗಳಲ್ಲಿ ತಂತಿ ಪೋಣಿಸಿ, ಎರಡೆರಡಕ್ಕೆ ಹೆಣೆದು ಕಟ್ಟಬೇಕು. ಒಂದು ಸಡಿಲವಾಗಲು ನೋಡಿದರೆ ಇನ್ನೊಂದನ್ನು ಬಿಗಿ ಮಾಡುವ ಕಡೆಗೆ ತಂತಿ ಎಳೆಯಬೇಕು. ಆ ಹೆಣಿಗೆ ನನಗೆ ಬರುತ್ತದೆ, ಜಡೆ ಹಾಕಿದ ಹಾಗೆಯೇ. ಕೊನೆಗೆ ಟೋಪಿ. ಎಂಟು ಸ್ಕ್ರೂ. ಮಾಮ ಪ್ರೊಪೆಲರನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು, ಟೋಪಿಯ ತುದಿ ಅಲುಗದೆ ಒಂದೇ ಚುಕ್ಕಿಯಲ್ಲಿ ನಿಂತಿತು. ಅವರು ಕೈ ತೊಳೆದು ಬರುತ್ತೇನೆಂದು ಹೊರಗೆ ಹೋದರು. ಹೊರಗೆ ನೀರಿರಲಿಲ್ಲ.

ಟೋಪಿಯ ಹೊಳಪಿನಲ್ಲಿ ನನ್ನ ಮುಖ ಸಣ್ಣದಾಗಿ, ಉದ್ದವಾಗಿ ಕಾಣುತ್ತಿತ್ತು. ನನ್ನ ಹಿಂದೆ ಅಮ್ಮ. ಎದುರಿಗೆ ನೋಡಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಅದರಲ್ಲೇ ಅವಳನ್ನು ನೋಡುತ್ತ ಹೇಳಿದೆ.

"ಅಮ್ಮಾ, ಅವತ್ತು ನಾನು ಓಡಿದೆ."

ಟೋಪಿಯಲ್ಲಿ ಅಮ್ಮ ಅಲುಗಲಿಲ್ಲ.

"ಗೊತ್ತು," ಎಂದಳು. "ಮೂರನೇ ದಿನವೇ ಗೊತ್ತಾಯ್ತು. ದಿನಾ ಎದ್ದ ಕೂಡಲೇ ಇವತ್ತು ಬೈಯಬೇಕು ಅಂದುಕೊಳ್ತಿದ್ದೆ. ಬೈದುಬಿಟ್ಟರೆ ಆಮೇಲೆ ನಮ್ಮಿಬ್ಬರಿಗೆ ಮಾತಾಡೋಕೆ ಏನು ಉಳಿಯುತ್ತೆ ಅಂತ ಸುಮ್ಮನಾಗ್ತಿದ್ದೆ."

ಹೇಗೆ ಗೊತ್ತಾಯಿತು ಎಂದು ಕೇಳುವ ಬಾಯಿ ನನಗಿರಲಿಲ್ಲ. ಅಮ್ಮ ನನ್ನ ಜಡೆಯ ತುದಿಯಲ್ಲಿ ಸಿಕ್ಕಿಕೊಂಡಿದ್ದ ತಂತಿಯ ಚೂರನ್ನು ತೆಗೆದು ಬಿಸಾಡಿದಳು. "ಐದು ತಿಂಗಳು ನಾನೊಬ್ಬಳೇ ತಿಂದೆ ಅದನ್ನ," ಎಂದಳು. "ನೀನು ಒಂದು ಸಲ ಮುಟ್ಟಲಿಲ್ಲ. ಇರೋದು ಇಷ್ಟು. ಮೂಲೇಲಿ ಆರೋದು ಬೇಡ. ನಾಳೆ ಬೆಳಿಗ್ಗೆ ನೀನು ಸೀಟಲ್ಲಿ ಕೂತ್ಕೋ."

ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಅಮ್ಮ ಸ್ನಾನ ಮಾಡಿ ಹೊರಟುಹೋಗಿದ್ದಳು. ನಾನು ಹೋಗಿ ನೋಡಿದರೆ ಗೇಟಿನ ಒಂದು ಕಂಬದ ಸುತ್ತ ಮನೆಯ ಎರಡೂ ಕಂಬಳಿಗಳನ್ನು ಕೋಲಿಗೆ ಕಟ್ಟಿ ಮರೆ ಮಾಡಿದ್ದಳು. ಬಯಲಿನಾಚೆ ನಿಂತು ನೋಡುವ ಜನರ ಕಣ್ಣಿಗೆ ಅಡ್ಡ ಇರಲಿ ಎಂದಿರಬೇಕು ಎಂದುಕೊಂಡೆ. ಜನ ಬಂದಿದ್ದರು, ದೂರದಲ್ಲಿ, ಕೈಕಟ್ಟಿಕೊಂಡು.

ನಾನು ಸೀಟಿನಲ್ಲಿ ಕೂತೆ. ಎದುರಿಗೆ ಗಾಜು ಇನ್ನೂ ಹಾಕಿರಲಿಲ್ಲ. ಪ್ಲಗ್ಗುಗಳ ವೈರು ಮತ್ತೆ ಸಿಕ್ಕಿಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟಾಗಿತ್ತು, ಬಾಲವನ್ನು ಹಗ್ಗದಿಂದ ಹಿಂಗೋಡೆಯ ಗೂಟಕ್ಕೆ ಕಟ್ಟಿ, ಸಾಲದೆಂದು ಹುಸೇನಿ ಮಾಮ ತಾವೇ ತಬ್ಬಿ ಹಿಡಿದಿದ್ದರು. ಪ್ರೊಪೆಲರ್ ಎಳೆಯುವವಳು ಅಮ್ಮ. ಒನಕೆ ಹಿಡಿದ ತೋಳು ಅವಳದು. ಎಳೆದ ಕೂಡಲೇ ಪಕ್ಕಕ್ಕೆ ಸರಿಯಬೇಕು ಎಂದು ಮಾಮ ಹತ್ತು ಸಲ ಹೇಳಿಕೊಟ್ಟಿದ್ದರು. ಅವಳು ಅರಿಶಿನದ ದಾರವನ್ನು ಬಿಚ್ಚಿ, ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಲ್ಕು ಕೋಲು ಕಿತ್ತಳು. ಸೆರಗು ಬಿಗಿದು ಪ್ರೊಪೆಲರಿನ ಮುಂದೆ ನಿಂತಳು. ಅಪ್ಪ ನಿಂತಿದ್ದ ಜಾಗ. ಉಸಿರು ಅವಳ ಬೆನ್ನಿಗೆ ತಾಗಿರಬೇಕು, ಒಂದು ಕ್ಷಣ ಕಣ್ಣು ಮುಚ್ಚಿದಳು.

"ಸ್ವಿಚ್ಚು?" ಎಂದಳು, ಹೇಳಿಕೊಟ್ಟ ಹಾಗೆ.

"ಆನ್," ಎಂದೆ.

ಮೊದಲ ಎಳೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಂಜಿನ್ನು ಒಮ್ಮೆ ಕೆಮ್ಮಿತು. ಮೂರನೆಯದಕ್ಕೆ ಹೊತ್ತಿಕೊಂಡಿತು. ಅಮ್ಮ ಪಕ್ಕಕ್ಕೆ ಸರಿದಳು, ಅಲಗುಗಳು ಕರಗಿಹೋದವು, ಗಾಳಿ ಬಂತು.

ನಾನು ಹುಟ್ಟಿದಾಗಿನಿಂದ ನಮ್ಮೂರಿನಲ್ಲಿ ಗಾಳಿ ನನ್ನ ಮುಖಕ್ಕೆ ಬಡಿದಿರಲಿಲ್ಲ. ಬಾಯಿ ತೆರೆದು, ಮೂಗು ಅರಳಿಸಿ ಕಾದೆ. ಪೆಟ್ರೋಲಿನ ವಾಸನೆ ಬಂತು. ಸುಟ್ಟ ಎಣ್ಣೆ ಬಂತು. ಇಟ್ಟಿಗೆಯ ಧೂಳು, ಐದು ತಿಂಗಳ ಜೇಡರ ಬಲೆ, ಮರದ ಹೊಟ್ಟು ಎಲ್ಲ ಎದ್ದು ಬಂತು. ತಣ್ಣಗಿತ್ತು. ಬೆಚ್ಚಗಿನದು ಯಾವುದೂ ಇರಲಿಲ್ಲ, ಅಥವಾ ಇದ್ದು ನನಗೆ ತಿಳಿಯದಷ್ಟು ಬೇಗ ದಾಟಿಹೋಗಿತ್ತು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ಒಂದು ಮಾತ್ರ ಕಂಡಿತು: ಹಿಂಗೋಡೆಗೆ ಹೊಡೆದು ತಿರುಗಿ ಬಂದ ಗಾಳಿಯಲ್ಲಿ, ಬಾಗಿಲ ಪಕ್ಕ ನಿಂತ ಅಮ್ಮನ ಕೂದಲು ಎದ್ದು ಹಾರುತ್ತಿತ್ತು. ಅಮ್ಮನಿಗೆ ಅಷ್ಟೊಂದು ಬಿಳಿಕೂದಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಸ್ವಿಚ್ಚು ಆರಿಸಿದೆ. ಕಿವಿಯಲ್ಲಿ ಸದ್ದು ಉಳಿದಿತ್ತು. ಅಮ್ಮ ಸೀಟಿನ ಪಕ್ಕಕ್ಕೆ ಬಂದು ನಿಂತಳು.

"ಬಂತಾ?"

"ಬಂತಮ್ಮ."

"ಏನು ವಾಸನೆ?"

ಅಪ್ಪನ ಬಾಯಲ್ಲಿ ಯಾವಾಗಲೂ ಲವಂಗ ಇರುತ್ತಿತ್ತು. ಕೆಲಸ ಮಾಡುವಾಗ ದವಡೆಯಲ್ಲಿ ಒಂದನ್ನು ಇಟ್ಟುಕೊಂಡಿರುತ್ತಿದ್ದರು.

"ಲವಂಗ," ಎಂದೆ.

ಅಮ್ಮ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಹ್ಞೂಂ ಎಂದಳು. ನನ್ನ ಕೆನ್ನೆಯ ಮೇಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಹುಸೇನಿ ಮಾಮ ಹಿಂದಿನಿಂದ, ನಾಳೆ ಇನ್ನೊಂದು ಸಲ ಬಿಗಿ ನೋಡಬೇಕು ಮಗಾ, ಒಂದು ಸಲ ತಿರುಗಿದ ಮೇಲೆ ಮರ ಇನ್ನೂ ಅದುಮಿಕೊಳ್ಳುತ್ತೆ, ತಂತಿ ಬಿಚ್ಚಿ ಮತ್ತೆ ಕಟ್ಟಬೇಕು ಎನ್ನುತ್ತಿದ್ದರು.

"ಕುಮುದಾ, ಗೇಟಿನ ಹತ್ತಿರ ಕಂಬಳಿ ಇದೆ. ಹೋಗಿ ತಗೊಂಡು ಬಾ," ಅಮ್ಮ ಹೇಳಿದಳು. "ನಿಧಾನ."

ನಲವತ್ತು ಹೆಜ್ಜೆ. ನಡೆದೆ. ಜನ ಚದುರಿದ್ದರು. ಕಂಬಳಿಯ ಒಂದು ಮೂಲೆ ಎತ್ತಿ ಒಳಗೆ ತಲೆ ಹಾಕಿದೆ, ಕಟ್ಟಿದ ಗಂಟು ಎಲ್ಲಿದೆ ನೋಡಲು.

ಕೆನ್ನೆಗೆ ಬೆಚ್ಚಗೆ ತಗಲಿತು.

ನಾನು ಅವತ್ತು ಗೇಟು ಹಿಡಿದು ನಿಂತೆನಲ್ಲ, ಅದೇ ಜಾಗ, ನನ್ನ ಭುಜದ ಎತ್ತರ. ಓಡುವಾಗ ಹರಿದು ನನ್ನ ಹಿಂದೆ ಬಂದದ್ದು ನಾನು ನಿಂತಲ್ಲಿ ನಿಂತುಬಿಟ್ಟಿತ್ತು. ಯಾರೂ ಮುಟ್ಟಿರಲಿಲ್ಲ. ಐದು ತಿಂಗಳು ಅಮ್ಮ ದಿನಾ ಇಲ್ಲಿ ನಿಂತು, ಮುಟ್ಟದೆ ಹೋಗಿದ್ದಳು. ಒಂದು ದೊಡ್ಡ ಕಿತ್ತಳೆಯಷ್ಟು ಇತ್ತು, ಶೆಡ್ಡಿನಲ್ಲಿದ್ದದ್ದಕ್ಕಿಂತ ಎಷ್ಟೋ ದೊಡ್ಡದು. ಮುಖ ಪೂರ್ತಿ ಒಳಗಿಟ್ಟೆ.

ಲವಂಗವಲ್ಲ. ಹುರಿದ ಕಡಲೆಕಾಯಿ.

ಎಷ್ಟು ಹೊತ್ತು ನಿಂತೆನೋ. ಹೊರಗೆ ಬಂದು, ಕಂಬಳಿಯ ಮೂಲೆಯನ್ನು ಮೊದಲಿದ್ದ ಹಾಗೆಯೇ ಸಿಕ್ಕಿಸಿದೆ. ಸಂದು ಉಳಿದಿದೆಯೇ ಎಂದು ಸುತ್ತ ನೋಡಿದೆ. ಬರಿಗೈಯಲ್ಲಿ ವಾಪಸು ನಡೆದೆ. ಅಮ್ಮ ಶೆಡ್ಡಿನ ಬಾಗಿಲಲ್ಲಿ ಕೂತು, ಕೆದರಿದ ಕೂದಲನ್ನು ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು. ಕಂಬಳಿ ಎಲ್ಲಿ ಎಂದು ಕೇಳಲಿಲ್ಲ. ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.